ಅಜ್ಜನ ಕಾರಿಗೆ ಹೊಸ ಬ್ರೇಕು

ಆಯುಧಪೂಜೆಯ ಬೆಳಗ್ಗೆ ಹಳೇ ಮನೆಗಳ ಹಿತ್ತಲಲ್ಲಿ ಒಂದು ದೃಶ್ಯ ಈಗಲೂ ಕಾಣಸಿಗುತ್ತದೆ. ಶೆಡ್ಡಿನ ಬಾಗಿಲು ಕಿರ್ರೆನ್ನುತ್ತದೆ. ವರ್ಷವಿಡೀ ತಾಡಪಾಲಿನ ಕೆಳಗೆ ಮಲಗಿದ್ದ ಬಿಳಿ ಅಂಬಾಸಿಡರ್ ಅಥವಾ ತಿಳಿನೀಲಿ ಫಿಯಟ್ ಅಂಗಳಕ್ಕೆ ಬರುತ್ತದೆ. ಮಕ್ಕಳು ಬಕೆಟ್ಟು, ಬಟ್ಟೆ ಹಿಡಿದು ಮೈ ತೊಳೆಯುತ್ತಾರೆ. ಬಂಪರಿನ ಕ್ರೋಮು ಒರೆಸಿದಷ್ಟೂ ಹೊಳೆಯುತ್ತದೆ. ಬಾನೆಟ್ಟಿಗೆ ಅರಿಶಿನ ಕುಂಕುಮ, ಗ್ರಿಲ್ಲಿಗೆ ಚೆಂಡುಹೂವಿನ ಹಾರ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು.

ಮನೆಯ ಹಿರಿಯರು ಚೋಕ್ ಎಳೆದು ಸೆಲ್ಫ್ ಹೊಡೆಯುತ್ತಾರೆ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಎಂಜಿನ್ ಕೆಮ್ಮಿ ಎದ್ದು ಕೂರುತ್ತದೆ. ಕಾರು ಒಂದು ಮಾರು ಮುಂದೆ ಸರಿಯುತ್ತದೆ, ನಿಂಬೆಹಣ್ಣು ಚಪ್ಪಟೆಯಾಗುತ್ತದೆ, ಎಲ್ಲರೂ ಕೈಮುಗಿಯುತ್ತಾರೆ. ಆಮೇಲೆ ಅದು ಮತ್ತೆ ಶೆಡ್ಡಿಗೆ, ಮುಂದಿನ ಆಯುಧಪೂಜೆಯವರೆಗೆ.

ಯಾಕೆ ಹೊರಗೆ ತೆಗೆಯುವುದಿಲ್ಲ ಎಂದು ಕೇಳಿದರೆ ಉತ್ತರ ಒಂದೇ ಬಗೆಯದು. ಬ್ರೇಕಿನ ಮೇಲೆ ನಂಬಿಕೆಯಿಲ್ಲ. ರಾತ್ರಿ ಹೆಡ್‌ಲೈಟು ಸಾಲದು. ಟ್ರಾಫಿಕ್ಕಿನಲ್ಲಿ ನಿಂತರೆ ರೇಡಿಯೇಟರ್ ಕುದಿಯುತ್ತದೆ. ಎಲ್ಲಿ ಕೈಕೊಡುತ್ತದೋ ಹೇಳಲಾಗದು. ಹಾಗಂತ ಮಾರಲು ಮನಸ್ಸು ಬಾರದು. ಅಪ್ಪನನ್ನು ಮದುವೆ ಮಂಟಪಕ್ಕೆ, ಅಮ್ಮನನ್ನು ಹೆರಿಗೆ ಆಸ್ಪತ್ರೆಗೆ ಕರೆದೊಯ್ದ ಕಾರು ಅದು.

ಈ ಇಕ್ಕಟ್ಟಿಗೆ ಒಂದು ದಾರಿಯಿದೆ. ನೋಡಿದವರಿಗೆ ಕಾರು ಮೊದಲಿದ್ದಂತೆಯೇ ಕಾಣಬೇಕು, ಓಡಿಸುವವರಿಗೆ ಮಾತ್ರ ಇಂದಿನ ರಸ್ತೆಯಲ್ಲಿ ಧೈರ್ಯ ಬರಬೇಕು. ರೂಪ ಉಳಿಸಿಕೊಂಡು ಒಳಗನ್ನು ಬಲಪಡಿಸುವ ಈ ಕೆಲಸ ಈಗ ಜಗತ್ತಿನಾದ್ಯಂತ ಒಂದು ಕಸುಬಾಗಿ ಬೆಳೆದಿದೆ. ಅದು ಏನು, ಎಲ್ಲಿಂದ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನೋಡೋಣ.

ಹಳೇ ಕಾರಿಗೆ ಮೂರು ದಾರಿ

ಹಳೆಯ ಕಾರನ್ನು ಉಳಿಸುವವರಲ್ಲಿ ಮೂರು ಪಂಗಡಗಳಿವೆ. ಮೊದಲನೆಯವರು ಇದ್ದದ್ದನ್ನು ಇದ್ದಂತೆ ಕಾಪಾಡುವವರು. ಮಾಸಿದ ಬಣ್ಣ, ಸವೆದ ಸೀಟು, ಎಲ್ಲವೂ ಕಾರಿನ ಚರಿತ್ರೆ ಎಂಬುದು ಇವರ ನಿಲುವು. ಎರಡನೆಯವರು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಮರಳಿ ಕಟ್ಟುವವರು. ನಟ್ಟು, ಬೋಲ್ಟು, ಸೀಟಿನ ಹೊಲಿಗೆಯವರೆಗೆ ಎಲ್ಲವೂ ಮೂಲದಂತೆಯೇ ಇರಬೇಕು.

ಮೂರನೆಯವರು ರೂಪವನ್ನು ಹಳೆಯದಾಗಿಯೇ ಇಟ್ಟು ಒಳಗಿನ ಕೆಲವು ಭಾಗಗಳನ್ನು ಹೊಸ ಕಾಲಕ್ಕೆ ತಕ್ಕಂತೆ ಬದಲಿಸುವವರು. ಇದಕ್ಕೆ ‘ರೆಸ್ಟೊಮಾಡ್’ ಎಂಬ ಹೆಸರು ಬಿದ್ದಿದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 2009ರಲ್ಲಿ ರಾಬ್ ಡಿಕಿನ್ಸನ್ ಶುರುಮಾಡಿದ ಸಿಂಗರ್ ಸಂಸ್ಥೆ ಹಳೆಯ ಪೋರ್ಷೆ 911 ಕಾರುಗಳನ್ನು ಹೀಗೆ ಮರುರೂಪಿಸಿಯೇ ಹೆಸರು ಮಾಡಿತು. 2017ರಲ್ಲಿ ಜಾಗ್ವಾರ್ ತನ್ನದೇ ಹಳೆಯ ಇ-ಟೈಪ್ ಕಾರಿಗೆ ವಿದ್ಯುತ್ ಮೋಟಾರು ಕೂರಿಸಿ ತೋರಿಸಿತು. ಮರುವರ್ಷ ಬ್ರಿಟನ್ನಿನ ರಾಜಕುಮಾರ ಹ್ಯಾರಿ ಮದುವೆಯ ದಿನ ಅಂಥದ್ದೇ ಕಾರನ್ನು ಓಡಿಸಿಕೊಂಡು ಆರತಕ್ಷತೆಗೆ ಹೋದದ್ದನ್ನು ಜಗತ್ತು ನೋಡಿತು.

ಇವೆಲ್ಲ ಕೋಟಿಗಳ ಲೆಕ್ಕದ ಕಾರುಗಳು. ಆದರೆ ಇದರ ಹಿಂದಿನ ವಿಚಾರ ನಮ್ಮ ಶೆಡ್ಡಿನ ಫಿಯಟ್ಟಿಗೂ ಅನ್ವಯಿಸುತ್ತದೆ. ಜಾಗ್ವಾರ್ ಆ ಕಾರಿನಲ್ಲಿ ಮಾಡಿದ ಒಂದು ಕೆಲಸವನ್ನು ಗಮನಿಸಬೇಕು. ಬ್ಯಾಟರಿಯ ಗಾತ್ರ ಹಳೆಯ ಆರು ಸಿಲಿಂಡರ್ ಎಂಜಿನ್ನಿನ ಗಾತ್ರದಷ್ಟೇ, ತೂಕವೂ ಸುಮಾರು ಅಷ್ಟೇ ಇರುವಂತೆ ರೂಪಿಸಿದರು. ಕಾರಿನ ಮೈಯನ್ನು ಕೊಯ್ಯಬೇಕಾಗಲಿಲ್ಲ. ಬೇಕೆಂದಾಗ ಹಳೆಯ ಎಂಜಿನ್ನನ್ನೇ ಮತ್ತೆ ಕೂರಿಸಬಹುದು. ಬಿಚ್ಚಿದರೆ ಮತ್ತೆ ಹಳೆಯದಾಗುವಂತಿರಬೇಕು ಎಂಬ ಈ ಮಾತೇ ಈ ಇಡೀ ಕಸುಬಿನ ಧರ್ಮ.

ನಮ್ಮ ಎರಡು ಕಾರುಗಳು

ನಮ್ಮಲ್ಲಿ ಹಳೇ ಕಾರು ಎಂದರೆ ಬಹುಪಾಲು ಎರಡೇ ಹೆಸರು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಹುಟ್ಟಿದ ಅಂಬಾಸಿಡರ್ ಅನ್ನು ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿತು. ಇನ್ನೊಂದು, ಮುಂಬೈಯ ಕುರ್ಲಾ ಕಾರ್ಖಾನೆಯಿಂದ ಬಂದ ಪ್ರೀಮಿಯರ್ ಪದ್ಮಿನಿ. 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಬಂದು, ಎಪ್ಪತ್ತರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯಟ್ಟೇ. ಮುಂಬೈಯಲ್ಲಿ 2003ರಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ ಇಪ್ಪತ್ತು ವರ್ಷದ ಆಯಸ್ಸು ಮುಗಿಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು.

ಈ ಕಾರುಗಳ ದೊಡ್ಡ ಗುಣ ಸರಳತೆ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಸ್ಪ್ಯಾನರ್ ಹಿಡಿಯಬಲ್ಲ ಯಾರೇ ಆದರೂ ಕಲಿಯಬಹುದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ.

ಕೊರತೆಯೂ ಅಷ್ಟೇ ಸ್ಪಷ್ಟ. ಪದ್ಮಿನಿಯ 1089 ಸಿಸಿ ಎಂಜಿನ್ನಿನ ಶಕ್ತಿ ಸುಮಾರು 40 ಕುದುರೆಗಳಷ್ಟು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಗಂಟೆಗೆ ಐವತ್ತು ಅರವತ್ತು ಕಿಲೋಮೀಟರ್ ವೇಗದಲ್ಲಿ, ಮರಗಳ ಸಾಲಿನ ನಡುವಿನ ಖಾಲಿ ರಸ್ತೆಯಲ್ಲಿ ಸಾಗುವುದಕ್ಕೆ ಅದು ಸಾಕಾಗಿತ್ತು. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಇಂದು ಅಕ್ಕಪಕ್ಕದಲ್ಲಿ ಓಡುವ ಕಾರುಗಳು ಆ ಕಾಲದವಲ್ಲ. ಮುಂದಿನ ಹೊಸ ಕಾರು ತಟ್ಟನೆ ನಿಂತಾಗ ಹಿಂದಿನ ಹಳೆಯ ಕಾರೂ ನಿಲ್ಲಬೇಕಲ್ಲ.

ಮೊದಲು ನಿಲ್ಲುವುದನ್ನು ಕಲಿಸಿ

ಹಳೇ ಕಾರಿಗೆ ಮರುಜೀವ ಕೊಡಲು ಹೊರಟವರು ಬಹುತೇಕ ಎಂಜಿನ್ನಿನಿಂದ ಶುರುಮಾಡುತ್ತಾರೆ, ಇಲ್ಲವೇ ಬಣ್ಣದಿಂದ. ಮೈಯ ತುಕ್ಕು ನೋಡಿಕೊಂಡ ಮೇಲೆ ಶುರುವಾಗಬೇಕಾದದ್ದು ಬ್ರೇಕಿನಿಂದ. ಓಡದ ಕಾರು ಯಾರಿಗೂ ಅಪಾಯ ಮಾಡುವುದಿಲ್ಲ, ನಿಲ್ಲದ ಕಾರು ಮಾಡುತ್ತದೆ.

ಹಳೆಯ ಅಂಬಾಸಿಡರ್, ಫಿಯಟ್‌ಗಳಲ್ಲಿ ಮಾಸ್ಟರ್ ಸಿಲಿಂಡರಿನಿಂದ ನಾಲ್ಕು ಚಕ್ರಕ್ಕೂ ಎಣ್ಣೆ ಹೋಗುವುದು ಒಂದೇ ಜಾಲದಲ್ಲಿ. ಯಾವುದೋ ಒಂದು ಚಕ್ರದ ಹತ್ತಿರ ರಬ್ಬರ್ ಕೊಳವೆ ಒಡೆದರೆ ನಾಲ್ಕೂ ಬ್ರೇಕು ಒಟ್ಟಿಗೆ ಹೋಗುತ್ತವೆ. ಪೆಡಲ್ ನೆಲಕ್ಕೆ ತಾಗುತ್ತದೆ. ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕಿ ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು ಜಾಲ ಮಾಡಿದರೆ ಒಂದು ಸೋತರೂ ಇನ್ನೊಂದು ಉಳಿಯುತ್ತದೆ. ಈ ಬದಲಾವಣೆ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಎರಡನೆಯದು ಡಿಸ್ಕ್ ಬ್ರೇಕು. ಆಗುಂಬೆಯ ತಿರುವುಗಳನ್ನು ಇಳಿಯುವಾಗ ಬ್ರೇಕನ್ನೇ ಒತ್ತಿಕೊಂಡು ಬಂದರೆ ಡ್ರಮ್ಮು ಕಾದು ಹಿಗ್ಗುತ್ತದೆ, ಒಳಗಿನ ಲೈನರ್ ಅದಕ್ಕೆ ಸರಿಯಾಗಿ ತಾಗುವುದಿಲ್ಲ, ಕಾದ ಲೈನರಿಗೆ ಹಿಡಿತವೂ ಕಡಿಮೆ. ಕಾಲು ಎಷ್ಟು ಒತ್ತಿದರೂ ಕಾರು ಜಾರುತ್ತಲೇ ಇರುತ್ತದೆ. ಡಿಸ್ಕು ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ, ನೀರು ಬಿದ್ದರೂ ಬೇಗ ಒಣಗುತ್ತದೆ. ಕೊನೆಯ ವರ್ಷಗಳ ಅಂಬಾಸಿಡರಿನಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಬಂದಿತ್ತು. ಅದೇ ಮನೆತನದ ಭಾಗಗಳನ್ನು ಹಳೆಯ ಅಂಬಾಸಿಡರಿಗೆ ಹೊಂದಿಸುವುದು ಬೇರೆ ಕಂಪನಿಯ ಭಾಗಗಳನ್ನು ಬೆಸುಗೆ ಹಾಕಿ ಕೂರಿಸುವುದಕ್ಕಿಂತ ಎಷ್ಟೋ ಸುರಕ್ಷಿತ. ಹಳೆಯ ಉಕ್ಕಿನ ಚಕ್ರ ಮತ್ತು ಅದರ ಹೊಳೆಯುವ ವೀಲ್ ಕಪ್ ಮೇಲಿದ್ದರೆ ಒಳಗಿರುವುದು ಡಿಸ್ಕೋ ಡ್ರಮ್ಮೋ ದಾರಿಹೋಕರಿಗೆ ತಿಳಿಯದು.

ಕಾಲಿನ ಒತ್ತಡವನ್ನು ಹೆಚ್ಚಿಸಿ ಕೊಡುವ ಬೂಸ್ಟರ್ ಹಾಕಿಸುವುದೂ ಉಂಟು. ಅದರಿಂದ ಪೆಡಲ್ ಹಗುರಾಗುತ್ತದೆಯೇ ಹೊರತು ಸವೆದ ಲೈನರ್ ಹೊಸದಾಗುವುದಿಲ್ಲ. ಹಾಗಾಗಿ ಮೊದಲು ಲೈನರ್, ರಬ್ಬರ್ ವಾಷರು, ಕೊಳವೆ, ಬ್ರೇಕ್ ಎಣ್ಣೆ, ಬೂಸ್ಟರ್ ಆಮೇಲೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ವರ್ಷಗಟ್ಟಲೆ ಬದಲಿಸದ ಎಣ್ಣೆ ಘಾಟಿಯ ಬಿಸಿಗೆ ಕುದಿದು ಗುಳ್ಳೆಯೇಳುತ್ತದೆ, ಗುಳ್ಳೆಯೆದ್ದ ಕೊಳವೆ ಒತ್ತಡವನ್ನು ದಾಟಿಸುವುದಿಲ್ಲ.

ಬೆಳಕು ಮತ್ತು ಕಿಡಿ

ಹಳೆಯ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಹೆಡ್‌ಲೈಟು ಮಂಕಾಗುವುದನ್ನು ನೋಡಿರಬಹುದು. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಕರೆಂಟು ಕೊಡುವುದು ತೀರಾ ಕಡಿಮೆ. ಆಲ್ಟರ್ನೇಟರ್ ಹಾಗಲ್ಲ, ನಿಧಾನಗತಿಯಲ್ಲೂ ಬ್ಯಾಟರಿ ತುಂಬುತ್ತದೆ. ಬ್ರಿಟನ್ನಿನಲ್ಲಿ ಡೈನಮೋದ ಚಿಪ್ಪಿನೊಳಗೇ ಆಲ್ಟರ್ನೇಟರ್ ಅಡಗಿಸಿದ ಘಟಕಗಳೂ ಸಿಗುತ್ತವೆ. ಬಾನೆಟ್ ಎತ್ತಿ ನೋಡಿದವರಿಗೂ ಅದು ಹಳೆಯದೇ.

ಇಲ್ಲೊಂದು ಎಚ್ಚರಿಕೆ ಬೇಕು. ಹಳೆಯ ಡ್ಯಾಶ್‌ಬೋರ್ಡಿನ ಆಮೀಟರ್ ಮೂಲಕ ಕಾರಿನ ಹೆಚ್ಚುಕಡಿಮೆ ಎಲ್ಲ ಕರೆಂಟೂ ಹರಿಯುತ್ತದೆ. ದೊಡ್ಡ ಆಲ್ಟರ್ನೇಟರ್ ಹಾಕಿ ತಂತಿ ಹಳೆಯದೇ ಉಳಿಸಿದರೆ ಅದು ಕಾದು ಸುಡುತ್ತದೆ. ಬಟ್ಟೆ ಸುತ್ತಿದ, ಇಲ್ಲವೇ ಬಿರುಕುಬಿಟ್ಟ ವೈರಿಂಗನ್ನು ಪೂರ್ತಿ ಬದಲಿಸಿ, ಪ್ರತಿ ಸಾಲಿಗೂ ಫ್ಯೂಸು ಕೊಡುವುದೇ ಸರಿ. ಅರವತ್ತರ ದಶಕದ ಮಧ್ಯದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ ಸೇರಿರುತ್ತದೆ. ಅದನ್ನು ಗಮನಿಸದೆ ಇಂದಿನ ಯಾವುದೇ ಎಲೆಕ್ಟ್ರಾನಿಕ್ ಸಾಧನ ಜೋಡಿಸಿದರೂ ಅದು ಸುಟ್ಟುಹೋಗಬಹುದು.

ಹೆಡ್‌ಲೈಟಿಗೆ ಸುಲಭದ ಮದ್ದು ರಿಲೇ. ಹಳೆಯ ಕಾರಿನಲ್ಲಿ ಕರೆಂಟು ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು ಮತ್ತೆ ದೀಪಕ್ಕೆ ಹೋಗುವಷ್ಟರಲ್ಲಿ ಸೋರಿಹೋಗಿರುತ್ತದೆ. ರಿಲೇ ಹಾಕಿದರೆ ಬ್ಯಾಟರಿಯಿಂದ ದೀಪಕ್ಕೆ ನೇರ ದಾರಿ. ಅದೇ ಬಲ್ಬು, ಅದೇ ಗಾಜು, ಬೆಳಕು ಮಾತ್ರ ಹೆಚ್ಚು. ಹಳೆಯ ಗಾಜಿನೊಳಗೆ ಕಣ್ಣು ಕುಕ್ಕುವ ಎಲ್‌ಇಡಿ ಬಲ್ಬು ತುರುಕುವುದು ತಪ್ಪು. ಆ ಪ್ರತಿಫಲಕ ಅಂಥ ಬಲ್ಬಿಗಾಗಿ ರೂಪಿಸಿದ್ದಲ್ಲ. ಬೆಳಕು ಚದುರಿ ಎದುರಿನಿಂದ ಬರುವವರ ಕಣ್ಣಿಗೆ ಬೀಳುತ್ತದೆ, ನಮ್ಮ ರಸ್ತೆ ಕತ್ತಲಾಗಿಯೇ ಉಳಿಯುತ್ತದೆ.

ಇನ್ನು ಕಿಡಿಯ ವಿಷಯ. ಪಾಯಿಂಟ್ ಸೆಟ್, ಕಂಡೆನ್ಸರ್ ಎಂದರೆ ಹಳೆಯ ಚಾಲಕರಿಗೆ ನಿಟ್ಟುಸಿರು. ಪಾಯಿಂಟ್ ಸವೆದರೆ ಕಿಡಿ ಹೊತ್ತು ತಪ್ಪುತ್ತದೆ, ಎಂಜಿನ್ ಮುಗ್ಗರಿಸುತ್ತದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಅಡಿಯಲ್ಲೇ ಅಡಗಿ ಕೂರುವ ಎಲೆಕ್ಟ್ರಾನಿಕ್ ಇಗ್ನಿಷನ್ ಈ ಗೋಳನ್ನು ಮುಗಿಸುತ್ತದೆ. ತೆಗೆದ ಪಾಯಿಂಟ್ ಸೆಟ್ಟನ್ನು ಎಸೆಯದೆ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಟ್ಟುಕೊಂಡರೆ ನಡುದಾರಿಯಲ್ಲಿ ಎಲೆಕ್ಟ್ರಾನಿಕ್ ಸಾಧನ ಸತ್ತರೂ ಹತ್ತು ಹದಿನೈದು ನಿಮಿಷದಲ್ಲಿ ಹಳೆಯದನ್ನು ಕೂರಿಸಿ ಮನೆ ಸೇರಬಹುದು.

ಪೆಟ್ರೋಲ್ ಬದಲಾಗಿದೆ

ಹಳೆಯ ಕಾರನ್ನು ಮುಟ್ಟದೆ ಹಾಗೆಯೇ ಇಟ್ಟುಕೊಳ್ಳುತ್ತೇವೆ ಎನ್ನುವವರೂ ಒಂದು ಮಾತು ಗಮನಿಸಬೇಕು. ಕಾರು ಬದಲಾಗದಿದ್ದರೂ ಅದು ಕುಡಿಯುವ ಪೆಟ್ರೋಲ್ ಎರಡು ಸಲ ಬದಲಾಗಿದೆ.

ಮೊದಲ ಸಲ ಸೀಸ ಹೋಯಿತು. 2000ನೇ ಇಸವಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂತು. ಮಕ್ಕಳ ಆರೋಗ್ಯಕ್ಕೆ ಅದು ದೊಡ್ಡ ಉಪಕಾರ. ಆದರೆ ಹಳೆಯ ಎಂಜಿನ್ನುಗಳಲ್ಲಿ ವಾಲ್ವು ಬಂದು ಕೂರುವ ಅಂಚಿಗೆ ಸೀಸದ ತೆಳು ಪದರವೇ ಮೆತ್ತೆಯಾಗಿತ್ತು. ಅದಿಲ್ಲದೆ ಆ ಅಂಚು ನಿಧಾನವಾಗಿ ಸವೆಯುತ್ತದೆ. ಎಂಜಿನ್ ಹೆಡ್ ಬಿಚ್ಚಿದಾಗಲೇ ಗಟ್ಟಿ ಉಕ್ಕಿನ ವಾಲ್ವ್ ಸೀಟು ಕೂರಿಸಿಕೊಂಡರೆ ಚಿಂತೆ ತೀರಿತು.

ಎರಡನೆಯ ಸಲ ಎಥನಾಲ್ ಬಂತು. ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಹಳೆಯ ಕಾಲದ ರಬ್ಬರನ್ನು ಉಬ್ಬಿಸುತ್ತದೆ, ಬಿರುಕು ಬಿಡಿಸುತ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಾಮ್, ಕಾರ್ಬೊರೇಟರಿನ ವಾಷರು, ರಬ್ಬರ್ ಕೊಳವೆ, ಇವೆಲ್ಲ ಅದಕ್ಕೆ ಮೊದಲು ಬಲಿಯಾಗುವವು. ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಎಥನಾಲ್ ತಡೆಯಬಲ್ಲ ಕೊಳವೆಗಳು ಈಗ ಸಿಗುತ್ತವೆ, ಬೆಲೆಯೂ ಹೆಚ್ಚಲ್ಲ.

ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಮಾತ್ರ ಹೊರಬರುವ ಕಾರಿನ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಉಳಿದರೆ ತುಕ್ಕು ಒಳಗಿನಿಂದ ಶುರುವಾಗುತ್ತದೆ. ಹಳೆಯ ಕಾರನ್ನು ಆಗಾಗ ಓಡಿಸಬೇಕು ಎಂದು ಮೆಕ್ಯಾನಿಕ್ಕುಗಳು ಹೇಳುವುದು ಸುಮ್ಮನೆ ಅಲ್ಲ.

ಘಾಟಿಯಲ್ಲಿ ಕುದಿಯದಿರಲಿ

ಶಿರಾಡಿ, ಚಾರ್ಮಾಡಿ ಘಾಟಿಯ ಅರ್ಧದಲ್ಲಿ ಬಾನೆಟ್ ತೆರೆದು ನಿಂತ ಅಂಬಾಸಿಡರ್, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ, ಪಕ್ಕದ ತೊರೆಯಿಂದ ಕ್ಯಾನಿನಲ್ಲಿ ನೀರು ತರುವ ಚಾಲಕ. ಒಂದು ತಲೆಮಾರಿನ ಪ್ರಯಾಣದ ನೆನಪಿನಲ್ಲಿ ಈ ಚಿತ್ರ ಅಚ್ಚೊತ್ತಿದೆ. ಒದ್ದೆ ಬಟ್ಟೆಗೆ ಕಾರಣವಿತ್ತು. ಎಂಜಿನ್ನಿನ ಬಿಸಿಗೆ ಕೊಳವೆಯೊಳಗಿನ ಪೆಟ್ರೋಲ್ ಆವಿಯಾದರೆ ಪಂಪು ಎಳೆಯುವುದು ಬರಿ ಆವಿಯನ್ನೇ.

ಇದಕ್ಕೆ ಪರಿಹಾರಗಳೆಲ್ಲ ಮರೆಯಲ್ಲಿ ಕೂರುವಂಥವು. ರೇಡಿಯೇಟರಿನ ಹಿತ್ತಾಳೆ ಟ್ಯಾಂಕು ಹಾಗೆಯೇ ಉಳಿಸಿ ನಡುವಿನ ಜಾಲರಿ ಮಾತ್ರ ಹೊಸದಾಗಿ, ಹೆಚ್ಚು ಸಾಲಿನದಾಗಿ ಕಟ್ಟಿಸಬಹುದು. ಗ್ರಿಲ್ಲಿನ ಹಿಂದೆ ವಿದ್ಯುತ್ ಫ್ಯಾನು ಹಾಕಿದರೆ ಟ್ರಾಫಿಕ್ಕಿನಲ್ಲಿ ನಿಂತಾಗಲೂ ಗಾಳಿ ಸಿಗುತ್ತದೆ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಸಣ್ಣ ವಿದ್ಯುತ್ ಪಂಪು ಇಟ್ಟರೆ ಅದು ಪೆಟ್ರೋಲನ್ನು ಮುಂದಕ್ಕೆ ನೂಕುತ್ತದೆ, ಆವಿಯ ಕಾಟ ತಗ್ಗುತ್ತದೆ. ಆದರೆ ಅಪಘಾತವಾದರೆ ಆ ಪಂಪು ತಾನಾಗಿ ನಿಲ್ಲುವ ಸ್ವಿಚ್ ಇರಲೇಬೇಕು.

ನಮ್ಮ ಗ್ಯಾರೇಜುಗಳಲ್ಲಿ ಕಾರು ಕಾಯುತ್ತದೆ ಎಂದೊಡನೆ ಥರ್ಮೋಸ್ಟಾಟ್ ಕಿತ್ತು ಹಾಕುವ ರೂಢಿಯಿದೆ. ಹಾಗೆ ಮಾಡಿದರೆ ಎಂಜಿನ್ ತನಗೆ ಬೇಕಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕಾಯುವುದಕ್ಕೆ ನಿಜವಾದ ಕಾರಣ ಹುಡುಕಿ, ಥರ್ಮೋಸ್ಟಾಟನ್ನು ಅದರ ಜಾಗಕ್ಕೆ ಮರಳಿಸಬೇಕು.

ಎ.ಸಿ. ಬೇಕೆನ್ನುವವರೂ ಇದ್ದಾರೆ. 40 ಕುದುರೆಗಳ ಎಂಜಿನ್ನಿಗೆ ಅದು ಭಾರದ ಹೊರೆ. ಏರಿನಲ್ಲಿ ಕಾರು ಏದುಸಿರು ಬಿಡುತ್ತದೆ. ಮೊದಲು ತಣಿಸುವ ವ್ಯವಸ್ಥೆ, ಆಲ್ಟರ್ನೇಟರ್ ಎರಡೂ ಗಟ್ಟಿಯಾಗಬೇಕು. ಆಮೇಲೆ ಮಾತ್ರ ಎ.ಸಿ.

ಚಕ್ರ, ಬೆಲ್ಟು, ತುಕ್ಕು

ಆ ಕಾಲದ ಅಡ್ಡಹೆಣಿಗೆಯ ಟೈರುಗಳ ಜಾಗದಲ್ಲಿ ರೇಡಿಯಲ್ ಟೈರು ಹಾಕಿದರೆ ತಿರುವಿನಲ್ಲಿ ಹಿಡಿತ, ಮಳೆಯಲ್ಲಿ ಭದ್ರತೆ ಎರಡೂ ಸಿಗುತ್ತವೆ. ಆದರೆ ಅಳತೆ ಮೂಲದ ಹತ್ತಿರವೇ ಇರಲಿ. ಅಂಬಾಸಿಡರಿನ ಮೂಲ ಅಳತೆ 5.90-15, ಅಂದರೆ ಸಪೂರ ಚಕ್ರ. ಅಗಲ ಟೈರು ಹಾಕಿದರೆ ಪವರ್ ಸ್ಟೀರಿಂಗ್ ಇಲ್ಲದ ಕಾರನ್ನು ಪಾರ್ಕ್ ಮಾಡುವಾಗ ತೋಳು ಸೋಲುತ್ತದೆ, ಚಕ್ರದ ಬೇರಿಂಗಿಗೂ ಹೊರೆ. ಅಲಾಯ್ ವೀಲು, ಕಪ್ಪು ಗಾಜು ಹಾಕಿದ ಅಂಬಾಸಿಡರ್ ಅಜ್ಜನ ಕಾರಾಗಿ ಉಳಿಯುವುದಿಲ್ಲ.

ಸೀಟ್ ಬೆಲ್ಟನ್ನು ಎಲ್ಲೆಂದರಲ್ಲಿ ತೂತು ಕೊರೆದು ಬಿಗಿಯುವಂತಿಲ್ಲ. ತೆಳು ತಗಡಿಗೆ ಬಿಗಿದ ಬೋಲ್ಟು ಅಪಘಾತದ ಎಳೆತಕ್ಕೆ ಕಿತ್ತು ಬರುತ್ತದೆ. ಬಾಗಿಲ ಪಕ್ಕದ ಕಂಬದ ಒಳಗೆ, ನೆಲದ ಅಡಿಯಲ್ಲಿ ದಪ್ಪ ಉಕ್ಕಿನ ಪಟ್ಟಿ ಬೆಸೆದು ಅದಕ್ಕೆ ಬಿಗಿಯಬೇಕು.

ಅದಕ್ಕೂ ಮೊದಲು ತುಕ್ಕು ನೋಡಬೇಕು. ಅಂಬಾಸಿಡರಿಗಾಗಲಿ ಪದ್ಮಿನಿಗಾಗಲಿ ಲಾರಿಯಂತೆ ಬೇರೆ ಚಾಸಿ ಇಲ್ಲ, ಮೈಯೇ ಬೆನ್ನೆಲುಬು. ಬಾಗಿಲ ಕೆಳಗಿನ ಉದ್ದದ ಪೆಟ್ಟಿಗೆ ಭಾಗ, ಕಾಲಿಡುವ ನೆಲ, ಡಿಕ್ಕಿಯ ತಳ, ಹಿಂದಿನ ಸ್ಪ್ರಿಂಗ್ ಪಟ್ಟಿ ಕೂರುವ ಜಾಗ, ಇವು ತುಕ್ಕು ತಿಂದಿದ್ದರೆ ಹೊಸ ಬಣ್ಣ ಬರಿ ಮುಸುಕು. ಕರಾವಳಿಯ ಉಪ್ಪುಗಾಳಿಯಲ್ಲಿ ಬಾಳಿದ ಕಾರಿನಲ್ಲಿ ಇದು ಹೆಚ್ಚು. ಪುಟ್ಟಿ ಮೆತ್ತಿ ಮುಚ್ಚದೆ, ಕೊಳೆತ ತಗಡು ಕತ್ತರಿಸಿ ಹೊಸದನ್ನು ಬೆಸೆಯುವ ಟಿಂಕರಿಂಗ್ ಮೇಸ್ತ್ರಿಯನ್ನು ಹುಡುಕಿಕೊಳ್ಳಬೇಕು.

ಎಂಜಿನ್ ಬದಲಿಸಬಹುದೇ

ಎಲ್ಲಕ್ಕಿಂತ ಹೆಚ್ಚು ವಾದ ನಡೆಯುವುದು ಇಲ್ಲಿ. ಅಂಬಾಸಿಡರ್ ಮಾಲೀಕರಿಗೆ ಒಂದು ಅನುಕೂಲವಿದೆ. ತೊಂಬತ್ತರ ದಶಕದಲ್ಲಿ ಕಂಪನಿಯೇ ಜಪಾನಿನ ಇಸುಜು ವಿನ್ಯಾಸದ 1817 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಐದು ಗೇರುಗಳ ಪೆಟ್ಟಿಗೆಯನ್ನು ಅದೇ ಮೈಗೆ ಕೂರಿಸಿತ್ತು. ಕಂಪನಿಯೇ ಒಮ್ಮೆ ಹೊಂದಿಸಿ ತೋರಿಸಿದ ಜೋಡಿಯಾದ್ದರಿಂದ ಹಳೆಯ ಅಂಬಾಸಿಡರಿಗೆ ಇದಕ್ಕಿಂತ ಸಹಜವಾದ ಬದಲಿ ಇನ್ನೊಂದಿಲ್ಲ.

ಆದರೆ ಎಂಜಿನ್ ಬದಲಾದರೆ ಕಾರಿನ ದನಿ ಬದಲಾಗುತ್ತದೆ. ಫಿಯಟ್ಟಿನ ಆ ಸಣ್ಣ ಗುರುಗುಟ್ಟು, ಅಂಬಾಸಿಡರಿನ ಗಂಭೀರ ಗೊಣಗು ಮನೆಮಂದಿಗೆ ಗುರುತು. ಗೇಟಿನ ಆಚೆಯಿಂದಲೇ ಅಪ್ಪ ಬಂದರು ಎಂದು ತಿಳಿಯುತ್ತಿದ್ದದ್ದು ಆ ದನಿಯಿಂದ. ಆರ್‌ಸಿ ಬುಕ್ಕಿನಲ್ಲಿರುವ ಎಂಜಿನ್ ಸಂಖ್ಯೆ ಕಾರಿನಲ್ಲೇ ಇರುವುದಕ್ಕೆ ಸಂಗ್ರಾಹಕರ ಲೋಕದಲ್ಲೂ ಬೆಲೆ ಹೆಚ್ಚು. ಮೂಲ ಎಂಜಿನ್ನನ್ನೇ ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್ ರಿಂಗು, ಬೇರಿಂಗು ಹಾಕಿಸಿ, ವಾಲ್ವ್ ಸೀಟು ಬದಲಿಸಿದರೆ ಅದು ಇನ್ನೂ ಎಷ್ಟೋ ವರ್ಷ ದುಡಿಯುತ್ತದೆ.

ವಿದ್ಯುತ್ ಮೋಟಾರಿನ ಆಕರ್ಷಣೆಯೂ ಇದೆ. ಹೊಗೆಯಿಲ್ಲ, ಕುದಿಯುವುದಿಲ್ಲ, ಏರಿನಲ್ಲಿ ಬಲ ಹೆಚ್ಚು. ಆದರೆ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ, ವಿದ್ಯುತ್ತಿಗೆ ಬದಲಾದ ಕಾರನ್ನು ಐತಿಹಾಸಿಕ ವಾಹನ ಎಂದು ಒಪ್ಪುವುದಿಲ್ಲ. ಮಾಡುವುದೇ ಆದರೆ ಹಿಂತಿರುಗಿಸಬಹುದಾದ ರೀತಿಯಲ್ಲಿ ಮಾಡಿ, ತೆಗೆದ ಭಾಗಗಳನ್ನು ಜೋಪಾನವಾಗಿ ಇಡಿ ಎಂಬುದು ಅದರ ಸಲಹೆ. ಬ್ಯಾಟರಿಯ ತೂಕಕ್ಕೆ ತಕ್ಕಂತೆ ಬ್ರೇಕು, ಸ್ಪ್ರಿಂಗು ಬಲಪಡಿಸದಿದ್ದರೆ ಅದು ಅಪಾಯವೂ ಹೌದು.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಬೇರೆ ಇಂಧನಕ್ಕೆ ಅಥವಾ ಬ್ಯಾಟರಿಗೆ ಬದಲಾಯಿಸಲು ಕಾಯ್ದೆಯಲ್ಲಿ ದಾರಿಯಿದೆ. ಆದರೆ ಬದಲಾವಣೆಗೆ ಬಳಸುವ ಕಿಟ್ಟು ಅಂಗೀಕೃತ ಪರೀಕ್ಷಾ ಸಂಸ್ಥೆಯಿಂದ ಅನುಮೋದನೆ ಪಡೆದಿರಬೇಕು, ಅದು ನಿಮ್ಮ ವಾಹನಕ್ಕೆ ಅನ್ವಯಿಸಬೇಕು, ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ದಾಖಲಾಗಬೇಕು. ಎಂಜಿನ್ ಆಗಲಿ ಬಣ್ಣವಾಗಲಿ ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಪರಿಹಾರ ಕೇಳುವ ಹೊತ್ತಿನಲ್ಲಿ ತೊಡಕಾಗಬಹುದು.

50 ವರ್ಷ ದಾಟಿದ ಖಾಸಗಿ ವಾಹನಗಳಿಗೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಬೇರೆ ನಿಯಮ ತಂದಿದೆ. ಅವುಗಳಿಗೆ ‘ವಿಎ’ ಎಂಬ ಅಕ್ಷರಗಳಿರುವ ವಿಶೇಷ ನೋಂದಣಿ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಇದಕ್ಕೆ ಮುಖ್ಯ ಷರತ್ತು ಎರಡು. ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥವಕ್ಕಷ್ಟೇ ರಸ್ತೆಗೆ ಇಳಿಯಬೇಕು. ಎಂದರೆ ಇಂದು ಉತ್ಸಾಹದಲ್ಲಿ ಎಂಜಿನ್ ಕಿತ್ತುಹಾಕಿದವರು ನಾಳೆ ಈ ಮನ್ನಣೆಯನ್ನು ಕಳೆದುಕೊಳ್ಳುತ್ತಾರೆ.

ಕೈಗಳು ಉಳಿಯಬೇಕು

ಈ ಕಾರುಗಳ ಜೊತೆಗೆ ಉಳಿಯುವುದು ಒಂದು ವಿದ್ಯೆ. ಕಾರ್ಬೊರೇಟರಿನ ದನಿ ಕೇಳಿಯೇ ಅರ್ಧ ಸುತ್ತು ಸ್ಕ್ರೂ ತಿರುಗಿಸುವ ಕಿವಿ, ತಗಡು ಬಡಿದು ಮಡ್‌ಗಾರ್ಡಿನ ಬಾಗು ತರುವ ಕೈ, ಅಂಗಡಿಯಲ್ಲಿ ಸಿಗದ ಬುಷ್ಷನ್ನು ಲೇತಿನಲ್ಲಿ ಕಡೆದು ಕೊಡುವ ಕಣ್ಣಳತೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ, ತಾಲ್ಲೂಕು ಕೇಂದ್ರಗಳ ಹಳೇ ಗ್ಯಾರೇಜುಗಳಲ್ಲಿ ಈ ವಿದ್ಯೆ ಬಲ್ಲವರು ಇನ್ನೂ ಇದ್ದಾರೆ. ಬಹುಮಂದಿಗೆ ವಯಸ್ಸಾಗಿದೆ. ಅವರ ಬಳಿ ಕೆಲಸ ಮಾಡಿಸುವಾಗ ಮನೆಯ ಹುಡುಗ ಹುಡುಗಿಯರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ನೋಡಿ ಕಲಿಯಲಿ.

ಮೂಲ ರೂಪ ಹೇಗಿತ್ತು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ ಪಯಣ ಕಾರು ಸಂಗ್ರಹಾಲಯಗಳಲ್ಲಿ ಹಳೆಯ ಕಾರುಗಳನ್ನು ಒಪ್ಪವಾಗಿ ಇಟ್ಟಿದ್ದಾರೆ. ಒಂದು ಮಡ್‌ಗಾರ್ಡಿನ ಬಾಗು, ಒಂದು ಹಿಡಿಕೆಯ ಹೊಳಪು ಕಾರಿಗೆ ಎಂಥ ಮುಖ ಕೊಡುತ್ತದೆ ಎಂಬುದು ಅಲ್ಲಿ ನಿಂತು ನೋಡಿದರೆ ತಿಳಿಯುತ್ತದೆ.

ಶೆಡ್ಡಿನ ಬಾಗಿಲು ತೆರೆಯುವ ಮೊದಲು

ಹಳೇ ಕಾರು ಮನೆಯಲ್ಲಿದ್ದರೆ ಕೆಲಸದ ಸರದಿ ಹೀಗಿರಲಿ. ಮೊದಲು ತುಕ್ಕು, ಆಮೇಲೆ ಬ್ರೇಕು. ನಂತರ ಟೈರು, ಸ್ಟೀರಿಂಗಿನ ಸಡಿಲು, ವೈರಿಂಗ್, ಪೆಟ್ರೋಲ್ ಕೊಳವೆ. ಅನಂತರ ತಣಿಸುವ ವ್ಯವಸ್ಥೆ, ಹೆಡ್‌ಲೈಟು, ಸೀಟ್ ಬೆಲ್ಟು. ಇಷ್ಟು ಮುಗಿದು ಕೈಯಲ್ಲಿ ದುಡ್ಡು ಉಳಿದರೆ ಬಣ್ಣ, ಸೀಟು, ಹಾಡು. ಎಂಜಿನ್ ಬದಲಿಸುವ ಯೋಚನೆಯನ್ನು ಎಲ್ಲಕ್ಕಿಂತ ಕೊನೆಗಿಡಿ. ಬಹುತೇಕ ಸಂದರ್ಭಗಳಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ.

ಕೆಲಸ ಶುರುವಾಗುವ ಮುನ್ನ ಕಾರಿನ ಪ್ರತಿ ಮೂಲೆಯ ಫೋಟೊ ತೆಗೆದಿಡಿ. ಬಿಚ್ಚಿದ ಒಂದೊಂದು ಭಾಗವನ್ನೂ ಎಣ್ಣೆ ಸವರಿ, ಚೀಟಿ ಅಂಟಿಸಿ, ಒಂದು ಪೆಟ್ಟಿಗೆಯಲ್ಲಿ ಹಾಕಿ ಅಟ್ಟದ ಮೇಲಿಡಿ. ಏನನ್ನು ಯಾವಾಗ ಬದಲಿಸಿದಿರಿ ಎಂದು ನೋಟುಪುಸ್ತಕದಲ್ಲಿ ಬರೆದಿಡಿ. ಮುಂದಿನ ತಲೆಮಾರಿಗೆ ಕಾರನ್ನು ಮೊದಲಿನಂತೆಯೇ ಮಾಡಬೇಕು ಅನ್ನಿಸಿದರೆ ಆ ಪೆಟ್ಟಿಗೆ ಅವರಿಗೆ ಬೇಕು.

ಮುಂದಿನ ಆಯುಧಪೂಜೆಗೆ ಇನ್ನೂ ಸಮಯವಿದೆ. ಹಾರ, ಕುಂಬಳಕಾಯಿಯ ಚಿಂತೆ ಮಾಡುವ ಮೊದಲು ಒಬ್ಬ ಒಳ್ಳೆಯ ಮೆಕ್ಯಾನಿಕ್ಕನ್ನು ಕರೆಸಿ, ನಾಲ್ಕೂ ಚಕ್ರ ಬಿಚ್ಚಿಸಿ ಬ್ರೇಕು ನೋಡಿಸಿ. ಅದು ಸರಿಯಾದರೆ ಪೂಜೆಯಾದ ಮೇಲೆ ಕಾರನ್ನು ಶೆಡ್ಡಿಗೆ ತಳ್ಳಬೇಕಿಲ್ಲ, ಮನೆಮಂದಿಯೆಲ್ಲ ಕೂತು ಊರಾಚೆಯ ದೇವಸ್ಥಾನಕ್ಕೆ ಒಂದು ಸುತ್ತು ಹೋಗಿ ಬರಬಹುದು.